ಒಂದು ಮುಖ ಕಡಿಮೆ

"ಇವತ್ತು ಬೇಡ" ಎಂದು ಡೋರೀನ್ ಆಂಟಿ ನಾಲ್ಕನೆಯ ಶನಿವಾರವೂ ಹೇಳಿದಾಗ, ಕ್ಯಾಮೆರಾ ಎತ್ತಿ ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು ಲವಿನಾಳಿಗೆ. ಕುಕ್ಕಲಿಲ್ಲ. ಹಲ್ಲು ಕಚ್ಚಿಕೊಂಡು ಚಹಾ ಕುಡಿದಳು.

ಸಿಡ್ನಿಯ ಗ್ಯಾಲರಿಯೊಂದು ವರ್ಷಕ್ಕೊಮ್ಮೆ 'ಈ ನೆಲದ ಮುಖಗಳು' ಎಂಬ ಛಾಯಾಚಿತ್ರ ಪ್ರದರ್ಶನ ನಡೆಸುತ್ತಿತ್ತು. ಒಂದು ಸಲವಾದರೂ ಆ ಗೋಡೆಯ ಮೇಲೆ ಬರಬೇಕೆಂಬುದು ಲವಿನಾಳ ಹಟ. ಅವಳಿಗೆ ವಾರವಿಡೀ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ, ರಜೆಯ ದಿನ ಕ್ಯಾಮೆರಾ. 2004ರಲ್ಲೂ 2005ರಲ್ಲೂ ಕಳಿಸಿದ್ದಳು, ಎರಡು ಸಲವೂ ವಾಪಸ್ಸು ಬಂದಿತ್ತು. ಅವಳು ತೆಗೆದ ಚಿತ್ರಗಳಲ್ಲಿ ಗ್ರೀಕ್ ಬೇಕರಿಯವನಿದ್ದ, ವಿಯೆಟ್ನಾಮಿನ ದರ್ಜಿಯಿದ್ದ, ಸುಡಾನಿನ ನರ್ಸ್ ಇದ್ದಳು. ಈ ನೆಲದ ಮೂಲನಿವಾಸಿಯ ಮುಖವೊಂದೇ ಇರಲಿಲ್ಲ. ಅದಿಲ್ಲದೆ ಮೂರನೆಯ ಸಲವೂ ತನ್ನ ಗತಿ ಅಷ್ಟೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಪರಿಚಯದವರು ಡೋರೀನ್ ಅವರ ವಿಳಾಸ ಕೊಟ್ಟರು. ಎಪ್ಪತ್ತು ದಾಟಿದ ಮೂಲನಿವಾಸಿ ಹೆಂಗಸು, ಮೆಲ್ಬರ್ನ್‌ನದೇ ಪ್ರೆಸ್ಟನ್‌ನಲ್ಲಿ ಸಣ್ಣ ಮನೆ. ಅವರ ಜನ ಹಿರಿಯ ಹೆಂಗಸರನ್ನು ಗೌರವದಿಂದ ಆಂಟಿ ಎನ್ನುತ್ತಾರೆ. ಕಂಡಕಂಡವರನ್ನೆಲ್ಲ ಆಂಟಿ ಎಂದೇ ಬೆಳೆದ ಲವಿನಾಳಿಗೆ ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಆಂಟಿಯ ಹಸಿರು ಸ್ವೆಟರು. ಅದನ್ನು ತೊಟ್ಟು, ದಪ್ಪ ಕನ್ನಡಕ ಏರಿಸಿ, ಪೇಪರಿನ ಪದಬಂಧ ಬಿಡಿಸುತ್ತ ಕೂರುವ ಮುದುಕಿಯನ್ನು ಯಾವ ಗ್ಯಾಲರಿ ಮೂಸಿ ನೋಡುತ್ತದೆ? ಮುಖಕ್ಕೆ ಬಿಳಿ ಬಣ್ಣವೋ, ಹೆಗಲಿಗೆ ತೊಗಲಿನ ಹೊದಿಕೆಯೋ, ಏನಾದರೂ ಅಸಲಿಯಾದದ್ದು ಇರಲಿ ಎಂದು ಮೊದಲ ದಿನವೇ ಕೇಳಿದ್ದಳು. ಆಂಟಿ ಉತ್ತರ ಕೊಡದೆ ಪ್ರಶ್ನೆ ಶುರುಮಾಡಿದ್ದರು. ಮನೆಯಲ್ಲಿ ಯಾವ ಮಾತು? ಕೊಂಕಣಿ. ಶಾಲೆಯಲ್ಲಿ? ಕನ್ನಡ. ಮಗಳ ಹತ್ತಿರ? ಇಂಗ್ಲಿಷ್.

"ಬಿಳಿಯರು ನಮ್ಮ ಮಾತನ್ನು ಕಿತ್ತುಕೊಂಡರು. ನಿಮ್ಮದನ್ನು ನೀವೇ ಬಿಟ್ಟುಕೊಟ್ಟಿರೋ?"

ಲವಿನಾಳಿಗೆ ಮೈಯೆಲ್ಲ ಉರಿದಿತ್ತು.

ಇದು ಸಾಲದೆಂಬಂತೆ ಆಂಟಿಯ ಬಳಿ ಒಂದು ಹಳೇ ರೀಲ್ ಕ್ಯಾಮೆರಾ ಇತ್ತು. ಹೋದಾಗಲೆಲ್ಲ ಅದನ್ನು ಹಿಡಿದುಕೊಂಡು, ಬೆಳಕು ಎಷ್ಟಿರಬೇಕು, ಎಷ್ಟು ದೂರ ನಿಲ್ಲಬೇಕು ಎಂದು ತಲೆ ತಿನ್ನುತ್ತಿದ್ದರು. ಲವಿನಾ ಒಲ್ಲದ ಮನಸ್ಸಿನಿಂದ ಹೇಳಿಕೊಡುತ್ತಿದ್ದಳು.

ಆ ನಾಲ್ಕನೆಯ ಶನಿವಾರ ಬಾಗಿಲವರೆಗೆ ಬಂದ ಆಂಟಿ ಕೇಳಿದರು: "ನಿನ್ನದೂ ಒಂದು ಅಸಲಿ ಉಡುಪು ಇರಬೇಕಲ್ಲ?"

"ಸೀರೆ."

"ಮೊದಲು ನೀನು ಉಟ್ಟು ಬಾ. ಆಮೇಲೆ ನಾನು ನನ್ನದನ್ನು ಹಾಕಿಕೊಳ್ಳುತ್ತೇನೆ."

"ಎಂತ ಮಾರಾಯ್ತಿ, ಒಂದು ಫೋಟೋಕ್ಕೆ ಒಂದು ತಿಂಗಳಾ?" ಮನೆಯಲ್ಲಿ ಗಂಡ ವಿಲ್ಫಿ ನಕ್ಕ.

"ನನ್ನನ್ನು ಆಟ ಆಡಿಸ್ತಿದ್ದಾರೆ ಅವ್ರು. ನಾನೆಂತ ಮಾಡೂದು? ಕೊನೇ ಡೇಟ್ ಬಂತು!"

ಅವಳ ಕಪಾಟಿನಲ್ಲಿದ್ದದ್ದು ಬರೀ ಪ್ಯಾಂಟು, ಕೋಟು. ಪಕ್ಕದ ಬೀದಿಯಲ್ಲಿದ್ದ ಮೈಸೂರಿನ ವಾಸಂತಿ ಆಂಟಿಯಿಂದ ರೇಷ್ಮೆ ಸೀರೆಯನ್ನೂ ಪ್ಲಾಸ್ಟಿಕ್ ಮಲ್ಲಿಗೆಯನ್ನೂ ಎರವಲು ತಂದಳು. ಹುಟ್ಟಿದಂದಿನಿಂದ ಕ್ರೈಸ್ತರ ಇಗರ್ಜಿಗೆ ಹೋಗುವವಳು ಹಣೆಗೆ ಮೊದಲ ಬಾರಿ ಬೊಟ್ಟು ಇಟ್ಟುಕೊಂಡಳು. ವಿಲ್ಫಿ ಯಾರೋ ಪರಸ್ಥಳದವಳು ಬಂದಂತೆ ನೋಡಿದ.

ಐದನೆಯ ಶನಿವಾರ ಆಂಟಿ ಚಪ್ಪಾಳೆ ತಟ್ಟಿದರು. "ಕಿಟಕಿ ಹತ್ತಿರ ನಿಲ್ಲು. ನೀನು ಹೇಳಿಕೊಟ್ಟದ್ದು ತಲೆಗೆ ಹೋಗಿದೆಯಾ ನೋಡೋಣ." ರೀಲ್ ಕ್ಯಾಮೆರಾ ನಾಲ್ಕೈದು ಸಲ ಕ್ಲಿಕ್ಕೆಂದಿತು. ಲವಿನಾ ಗಡಿಯಾರ ನೋಡುತ್ತ ನಿಂತಳು.

"ಈಗ ನಿಮ್ಮದು, ಆಂಟಿ."

ಆಂಟಿ ಸ್ವೆಟರನ್ನು ಕೆಳಗೆ ಜಗ್ಗಿ ನೆಟ್ಟಗೆ ಕೂತರು. "ಇದೇ ನನ್ನದು. ನಾನೇ ಹೆಣೆದದ್ದು."

ಲವಿನಾಳಿಗೆ ಅಳು ಬಂತು. ಆದರೂ ತೆಗೆದಳು, ಬೇರೆ ದಾರಿಯಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಆಂಟಿ ಪ್ರತಿ ಸಾಲನ್ನೂ ಓದಿ ಹಾಕಿದರು. ಆಮೇಲೆ "ನಿನ್ನದೂ ಒಂದು ಬೇಕು" ಎಂದು ಇನ್ನೊಂದು ಹಾಳೆ ಮುಂದಿಟ್ಟರು. ಲವಿನಾ ಅದಕ್ಕೂ ಸಹಿ ಗೀಚಿ ಹೊರಟೇಬಿಟ್ಟಳು.

ಎರಡು ತಿಂಗಳಿಗೆ ಸಿಡ್ನಿಯಿಂದ ಫೋನ್ ಬಂತು. "ನಿಮ್ಮ ಪೋರ್ಟ್ರೇಟ್ ಆಯ್ಕೆಯಾಗಿದೆ. ಉದ್ಘಾಟನೆಗೆ ಖಂಡಿತ ಬರಬೇಕು."

ಲವಿನಾ ಆಫೀಸಿನಲ್ಲೇ ಅತ್ತಳು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳು. ಗಂಡನನ್ನು ಕರೆದುಕೊಂಡು ವಿಮಾನ ಹತ್ತಿದಳು.

ಗ್ಯಾಲರಿಯಲ್ಲಿ ಮೂರು ಗೋಡೆ ಹುಡುಕಿದರೂ ಹಸಿರು ಸ್ವೆಟರಿನ ಚಿತ್ರ ಕಾಣಲಿಲ್ಲ. ಸ್ವೆಟರು ಮಾತ್ರ ಖುದ್ದಾಗಿ ಬಂದಿತ್ತು. ಆಂಟಿಯ ಸುತ್ತ ಜನವೋ ಜನ, ಎಲ್ಲರೂ ಕೈಕುಲುಕುವವರೇ. ಫೋಟೋಕ್ಕೆ ಸುಮ್ಮನೆ ಕೂತವರಿಗೆ ಇಷ್ಟು ಮರ್ಯಾದೆ, ತೆಗೆದವಳನ್ನು ಕೇಳುವವರಿಲ್ಲ ಎಂದು ಲವಿನಾ ಕುದಿದಳು.

"ಲವೀ..." ನಾಲ್ಕನೆಯ ಗೋಡೆಯ ಎದುರು ನಿಂತಿದ್ದ ವಿಲ್ಫಿಯ ದನಿ ಯಾಕೋ ಉಡುಗಿತ್ತು. "ಇಲ್ಲಿ ಬಾ. ಗೋಡೆ ಮೇಲೆ ಬಂದಿದ್ದಿ ನೀನು."

ರೇಷ್ಮೆ ಸೀರೆ, ಪ್ಲಾಸ್ಟಿಕ್ ಮಲ್ಲಿಗೆ, ಹಣೆಯ ಬೊಟ್ಟು, ಗಡಿಯಾರದತ್ತ ಉರಿದು ನೋಡುವ ಕಣ್ಣು. ಕೆಳಗಿನ ಚೀಟಿಯಲ್ಲಿ ಎರಡೇ ಸಾಲು: 'ಅಸಲಿ ಭಾರತೀಯ ಮಹಿಳೆ. ಛಾಯಾಗ್ರಹಣ: ಆಂಟಿ ಡೋರೀನ್.'