ಸೀಡರ್ ಜೌಗಿನ ಗಂಡು

"ಆ ಕಡೆ ಬ್ಯಾಡವ್ವಾ, ಅಲ್ಲೇನಿಲ್ಲ," ಎಂದ ಕಲ್ಲಿನಾಥ. ಮಗಳು ಇಳಾ ಆಗಲೇ ರಸ್ತೆ ಬಿಟ್ಟು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದಿದ್ದಳು. ಕೆಳಗೆ ಸೀಡರ್ ಮರಗಳು ಒತ್ತಾಗಿ ಬೆಳೆದ ಜೌಗು. ನಡುಹಗಲಲ್ಲೂ ಅದರೊಳಗೆ ಬೆಳಕು ಕಡಿಮೆ.

"ನೀನೇ ಹೇಳಿಕೊಟ್ಟಿದ್ದು ಅಪ್ಪ. ಬೆದೆಗಾಲ ಮುಗಿದ ಮೇಲೆ ಗಂಡು ಎಲ್ಕ್ ನಾವು ಹಾಕೋ ಕೂಗಿಗೆ ಬರಲ್ಲ. ಸುಸ್ತಾಗಿರುತ್ತೆ, ತಿಂದು ಮಲಗೋಕೆ ಒಂಟಿ ಜಾಗ ಹುಡುಕುತ್ತೆ. ಗನ್ ಸೌಂಡ್ ಜಾಸ್ತಿ ಆದ್ರೆ ಯಾರೂ ನುಗ್ಗದ ಕಡೆ ಸೇರ್ಕೊಳ್ಳುತ್ತೆ, ರೋಡ್ ಪಕ್ಕದಲ್ಲಾದ್ರೂ ಸರಿ. ನೀನು ನಿನ್ನೆಯಿಂದ ನನ್ನ ಎಲ್ಲಿ ಕೂರಿಸ್ತಿದೀಯ? ಹತ್ತು ಟ್ರಕ್ ನಿಂತಿರೋ ಬಯಲಲ್ಲಿ!" ಅವಳ ಕನ್ನಡ ತಾಯಿಯದು, ಮೈಸೂರಿನದು. ಹಟ ಮಾತ್ರ ಅಪ್ಪನದು.

"ಗಾಳಿ ಸರಿ ಇಲ್ಲ."

ಇಳಾ ಗಾಳಿಯ ದಿಕ್ಕು ನೋಡುವ ಪುಡಿಯ ಡಬ್ಬಿ ಹಿಂಡಿದಳು. ಬಿಳಿ ಪುಡಿ ಹಾರಿ ಅವಳ ಮುಖಕ್ಕೇ ಬಂತು. "ಜೌಗಿಂದ ನಮ್ ಕಡೆಗೇ ಬೀಸ್ತಿದೆ, ನಮ್ ವಾಸನೆ ಅದಕ್ಕೆ ಹೋಗಲ್ಲ. ಪರ್ಫೆಕ್ಟ್. ಬಾ."

ಗಾಳಿ ಸರಿಯಿರುವುದು ಕಲ್ಲಿನಾಥನಿಗೂ ಗೊತ್ತಿತ್ತು. ಮೊನ್ನೆ ಸಂಜೆ, ಬೆಳಕು ಆರುವ ಹೊತ್ತಿಗೆ, ದಿಣ್ಣೆಯ ಮೇಲೆ ಕೂತು ಮುನ್ನೂರು ಗಜದಾಚೆಯ ಗಂಡು ಎಲ್ಕಿಗೆ, ಕುದುರೆಯಷ್ಟು ದೊಡ್ಡ ಜಿಂಕೆಗೆ, ಅವನು ಗುಂಡು ಹಾರಿಸಿದ್ದ. ಅದು ತಿರುಗಿದಾಗಲೇ ಎಡಗೊಂಬು ಬುಡದಲ್ಲಿ ಮುರಿದಿರುವುದು ಕಂಡಿದ್ದು. ಮಗಳನ್ನು ದಿಣ್ಣೆಯಲ್ಲೇ ಬಿಟ್ಟು ಒಬ್ಬನೇ ಹೋಗಿ ನೋಡಿದ. ಹಿಮದ ಮೇಲೆ ಒಂದು ಚಿಟಿಕೆ ಕೂದಲು, ಹಸಿರು ಬೆರೆತ ರಕ್ತ. ಗುಂಡು ಹೊಟ್ಟೆಗೆ ಬಿದ್ದಿತ್ತು. ಹೆಜ್ಜೆಗಳು ಜೌಗಿಗೆ ಇಳಿದಿದ್ದವು. ಹೊಡೆದವನು ಹಿಂದೆ ಹೋಗಬೇಕು, ಪೂರ್ತಿ ಕೊಲ್ಲಬೇಕು, ಲೈಸೆನ್ಸಿನ ಜೊತೆ ಬರುವ ತನ್ನ ಒಂದೇ ಟ್ಯಾಗನ್ನು ಅದಕ್ಕೇ ಕಟ್ಟಬೇಕು. ಇಳಾಳ ಕೈಗೆ ಮೊದಲ ಸಲ ರೈಫಲ್ ಕೊಟ್ಟಾಗ ಅವನೇ ಕಲಿಸಿದ ಪಾಠ ಅದು. ಆದರೆ ಮಿಶಿಗನ್ನಿನಲ್ಲಿ ಗಂಡು ಎಲ್ಕಿನ ಬೇಟೆ ಜೀವಮಾನಕ್ಕೆ ಒಂದೇ ಸಲ. ಅಲ್ಲಿನ ನೋವೈ ಊರಲ್ಲಿ ಮನೆ ಮಾಡಿದಾಗಿನಿಂದ ಹತ್ತೊಂಬತ್ತು ವರ್ಷ ಅರ್ಜಿ ಹಾಕಿ, ಲಾಟರಿಯಲ್ಲಿ ಗೆದ್ದ ಲೈಸೆನ್ಸು. ಒಂಟಿಕೊಂಬಿನ, ಹೊಟ್ಟೆ ಒಡೆದ ಪ್ರಾಣಿಗೆ ಅದನ್ನು ಕಳೆಯಲು ಮನಸ್ಸಾಗಲಿಲ್ಲ. ಬೂಟಿನಿಂದ ರಕ್ತದ ಮೇಲೆ ಹಿಮ ಎಳೆದು ಬಂದು, "ಗುರಿ ತಪ್ತವ್ವಾ," ಎಂದಿದ್ದ. ರಾತ್ರಿ ಬಿದ್ದ ಹಿಮ ಉಳಿದದ್ದನ್ನೂ ಮುಚ್ಚಿತ್ತು.

ಈಗ ಅವಳು ಮುಂದೆ, ಅವನು ಹಿಂದೆ. ಕೊಂಬೆಗಳ ಕೆಳಗೆ ಬಗ್ಗಿ ನಡೆದು ಅರ್ಧ ಗಂಟೆಯಾಗಿರಬೇಕು, ಇಳಾ ಕೈ ಎತ್ತಿದಳು. ನಲವತ್ತು ಹೆಜ್ಜೆ ದೂರದಲ್ಲಿ, ಉರುಳಿದ ಮರದ ಮಗ್ಗುಲಲ್ಲಿ, ಗಂಡು ಎಲ್ಕ್ ಮಲಗಿತ್ತು. ಅವರನ್ನು ಕಂಡು ತಲೆ ಎತ್ತಿತು. ಒಂದೇ ಕೊಂಬು. ಮುಂಗಾಲೂರಿ ಏಳಲು ನೋಡಿ ಕುಸಿಯಿತು. ಗಾಳಿಯಲ್ಲಿ ಕೊಳೆತ ವಾಸನೆ ಬಂತು.

"ಓ ಮೈ ಗಾಡ್. ಯಾರೋ ಹೊಡೆದು ಹಾಗೇ ಬಿಟ್ಟು ಹೋಗಿದಾರೆ. ಎಂಥಾ ಜನ ಅಪ್ಪ ಇವ್ರು?"

ಕಲ್ಲಿನಾಥ ಮುಖ ತಿರುಗಿಸಿದ. "ಇರ್ತಾರ... ಅಂಥವರೂ ಇರ್ತಾರ."

"ನೀನು ಹೊಡೀಬೇಡ, ನಿನ್ ಟ್ಯಾಗ್ ವೇಸ್ಟ್. ವೈಲ್ಡ್‌ಲೈಫ್ ಆಫೀಸರ್‌ಗೆ ಫೋನ್ ಮಾಡೋಣ, ಅವ್ರೇ ಬಂದು ಮುಗಿಸ್ತಾರೆ. ಇನ್ನೂ ಮೂರು ದಿನ ಇದೆ ನಮ್ಗೆ."

ದಾರಿಯನ್ನು ಮಗಳೇ ಬಿಡಿಸಿ ಕೊಟ್ಟಿದ್ದಳು. ಒಂದು ಫೋನು ಮಾಡಿದರೆ ಸಾಕು, ಲೈಸೆನ್ಸ್ ಕಿಸೆಯಲ್ಲೇ ಉಳಿಯುತ್ತದೆ. ಮಗಳೂ ಉಳಿಯುತ್ತಾಳೆ. ಅವನು ಫೋನು ತೆಗೆದ. ಸಿಗ್ನಲ್ ಕೂಡ ಇತ್ತು. ಅಷ್ಟರಲ್ಲಿ ಎಲ್ಕ್ ಇನ್ನೊಮ್ಮೆ ಏಳಲು ನೋಡಿತು. ಹಿಂಗಾಲು ಬರಲಿಲ್ಲ, ಗೊರಸು ಹಿಮವನ್ನು ಗೀರಿತು. ಕಲ್ಲಿನಾಥ ಫೋನು ಒಳಗಿಟ್ಟು ರೈಫಲ್ ಎತ್ತಿದ.

ಸದ್ದು ಅಡಗಿದ ಮೇಲೆ ಇಳಾ ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ನೈಂಟೀನ್ ಇಯರ್ಸ್ ಅಪ್ಪ. ಯಾವನೋ ಮಾಡಿದ ತಪ್ಪಿಗೆ ಕೊಟ್ಬಿಟ್ಯಲ್ಲ. ಮನೆಗೆ ಹೋಗಿ ಅಮ್ಮಂಗೆ ಹೇಳ್ತೀನಿ ನೋಡು."

"ಹೂಂ," ಎಂದ ಕಲ್ಲಿನಾಥ.

"ಟ್ಯಾಗ್ ಕೊಡು, ನಾನೇ ಕಟ್ತೀನಿ." ಹೊಡೆದ ತಾರೀಕಿನ ಗುರುತನ್ನು ಟ್ಯಾಗಿನಲ್ಲಿ ಕತ್ತರಿಸಬೇಕು. ಅವಳು ಚಾಕು ಬಿಚ್ಚಿ ಪ್ರಾಣಿಯ ಪಕ್ಕ ಮಂಡಿಯೂರಿದಳು. ಹೊಟ್ಟೆಯ ಗಾಯ ನೋಡಿದಳು, ಎರಡು ದಿನ ಹಳೆಯದು. ಅದು ಓಡಿ ಬಂದಿರಬಹುದಾದ ದಿಕ್ಕಿಗೆ ತಲೆ ಎತ್ತಿದಳು. ಮರಗಳ ಸಂದಿನಲ್ಲಿ ಬಯಲಿನ ಅಂಚು, ಅದರಾಚೆ ಮೊನ್ನೆ ಸಂಜೆ ಅವರಿಬ್ಬರು ಕೂತಿದ್ದ ದಿಣ್ಣೆ ಕಾಣುತ್ತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅವನು ತನ್ನ ಬೂಟುಗಳನ್ನು ನೋಡುತ್ತಿದ್ದ.

"ಯಾವ ತಾರೀಕು ಕತ್ತರಿಸ್ಲಿ?" ಎಂದಳು ಇಳಾ. "ಇವತ್ತಿನದಾ, ಮೊನ್ನೇದಾ?"