ಹತ್ತನೆಯ ಪದ

ಬೋರ್ಡಿನ ಮೇಲೆ ಹತ್ತು ಇಂಗ್ಲಿಷ್ ಪದಗಳಿದ್ದವು. ಫೈಟ್, ನೈಟ್, ಟೈಟ್... ಎಲ್ಲದರ ಕೊನೆಗೂ ಅವೇ ನಾಲ್ಕು ಅಕ್ಷರ. ಮಾಸ್ತರರ ಕಾಯಿದೆ ಹಳೆಯದೇ: ಅರ್ಥ ಹೇಳಿದವರು, ಅದೇ ಬೆಂಚಿನ ಹೇಳಲಾಗದ ಜೊತೆಗಾರರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು.

ಫೈಟ್ ಅಂದರೆ ಜಗಳ, ನೈಟ್ ಅಂದರೆ ರಾತ್ರಿ, ಟೈಟ್ ಅಂದರೆ ಬಿಗಿ ಎಂದು ಕಸ್ತೂರಿ ಒಂಬತ್ತನ್ನೂ ಪಟಪಟ ಹೇಳಿದ್ದಳು. ಪಕ್ಕದಲ್ಲಿ ಕೂತ ಗೆಳತಿ ರೇಣವ್ವ ಒಂಬತ್ತು ಏಟು ತಿಂದಿದ್ದಳು. ಮೊದಲ ಸಲ ಕಸ್ತೂರಿ ಮೆಲ್ಲಗೆ ತಟ್ಟಿದಾಗ ಮಾಸ್ತರರು, "ಹಂಗಲ್ಲ, ಹಿಂಗ ಹೊಡಿಬೇಕ" ಎಂದು ಕಸ್ತೂರಿಯ ಕೆನ್ನೆಗೇ ಬಿಗಿದು ತೋರಿಸಿದ್ದರು. ಆಮೇಲೆ ಅವಳು ಜೋರಾಗಿಯೇ ಹೊಡೆದಿದ್ದಳು. ಈಗ ರೇಣವ್ವನ ತುಟಿ ಒಡೆದು ರಕ್ತ ಜಿನುಗುತ್ತಿತ್ತು.

"ಕಡೀದು. ಡಿಲೈಟ್ ಅಂದ್ರ?"

ಕಸ್ತೂರಿಗೆ ಗೊತ್ತಿತ್ತು. ಆದರೆ ಆ ತುಟಿ ನೋಡಿ ಮತ್ತೆ ಹೊಡೆಯಲು ಮನಸ್ಸಾಗಲಿಲ್ಲ.

"ಗೊತ್ತಿಲ್ರಿ ಸರ," ಎಂದು ತಲೆ ತಗ್ಗಿಸಿದಳು.

"ನಂಗ ಗೊತ್ತೈತ್ರಿ," ಎಂದಳು ರೇಣವ್ವ, ತುಟಿ ಒರೆಸಿಕೊಳ್ಳುತ್ತ. "ಆನಂದ."

ಕಸ್ತೂರಿಯ ಮೂಗು ಹಿಡಿದು, ಕಿವಿ ಗುಂಯ್‌ಗುಡುವಂತೆ ಬಾರಿಸಿ, ಅವಳು ಮಾಸ್ತರರತ್ತ ತಿರುಗಿದಳು.

"ಮೆತ್ತಗಾತೇನ್ರಿ ಸರ? ಇನ್ನೊಂದ್ ಹೊಡೀಲೇನ್ರಿ?"