ಬೆಳಗಾದರೆ ಹುಟ್ಟುವ ಅಂಗಡಿ

“ಏನ್ ಹುಚ್ಚು ಹಿಡದೈತಿ ನಿನಗ? ಲಗೂನ ಗುಟ್ಟಿನ ಪದ ಹೇಳು, ಕಾಯಿನ್ ತೊಗೊಂಡು ಹೋಗೂಣು!” ಎಂದು ಅಂಗಡಿಯ ಬಾಗಿಲಲ್ಲೇ ಮಲ್ಲೇಶಿ ಹೆಂಡತಿಯ ಮೇಲೆ ರೇಗಿದ.

“ಬಾಯಿ ಮುಚ್ರಿ. ಇದು ನಮ್ಮ ಫಕೀರಣ್ಣನ ಅಂಗಡಿ ಹೌದೋ ಅಲ್ಲೋ, ಮೊದಲು ನೋಡೂಣು,” ಎಂದಳು ಶಾಂತವ್ವ.

ಹುಬ್ಬಳ್ಳಿಯ ಆ ಓಣಿಯಲ್ಲಿ ದಿನಾ ಬೆಳಗಾದರೆ ಕ್ರಿಪ್ಟೊ ಕಾಯಿನ್ ಎಂಬ ಡಿಜಿಟಲ್ ಹಣವನ್ನು ಗುಟ್ಟಿನ ಪದ ಕೇಳಿ ಕೊಡುವ ಅಂಗಡಿಗಳ ನಕಲುಗಳು ಹುಟ್ಟುತ್ತಿದ್ದವು. ಇವತ್ತು ಫಕೀರಣ್ಣನ ಅಂಗಡಿ ಎರಡಿದ್ದವು. ಎರಡರಲ್ಲೂ ಅದೇ ಬೋರ್ಡು, ಅದೇ ಫಕೀರಣ್ಣ, ಅದೇ ಕೆಮ್ಮು. ನಕಲಿಯವನಿಗೆ ಗುಟ್ಟಿನ ಪದ ಸಿಕ್ಕರೆ ಮಗಳ ನರ್ಸಿಂಗ್ ಓದಿಗೆ ಕೂಡಿಟ್ಟ ಕಾಯಿನ್ನೆಲ್ಲ ಮಾಯ.

ಶಾಂತವ್ವ ಗಂಡನೊಡನೆ ಒಳಗೆ ಹೋಗಿ, ಫಕೀರಣ್ಣನ ಮುಂದೆ ಬಾಗಿ, ಬೇಕೆಂದೇ ತಪ್ಪು ಪದ ಹೇಳಿದಳು: “ಹುಣಸೆಹಣ್ಣು.”

“ಬರೋಬ್ಬರಿ ಐತ್ರಿ ಅಕ್ಕಾರ! ಕುಂಡ್ರಿ, ಚಾ ತರಸ್ತೀನಿ,” ಎಂದು ಫಕೀರಣ್ಣ ನಕ್ಕ.

ನಿಜವಾದ ಫಕೀರಣ್ಣನಾಗಿದ್ದರೆ ತಪ್ಪೆಂದು ಬೈದು ಕಳಿಸುತ್ತಿದ್ದ. ನಕಲಿಯವನಿಗೆ ಸರಿಯಾದ ಪದವೇ ಗೊತ್ತಿಲ್ಲ, ಹಾಗಾಗಿ ಅವನಿಗೆ ಎಲ್ಲವೂ ಸರಿ. ಶಾಂತವ್ವ ಗಂಡನ ಕೈ ಹಿಡಿದು ಹೊರಗೆಳೆದಳು.

ನಕಲಿ ಫಕೀರಣ್ಣ ಬಾಗಿಲವರೆಗೂ ಬಂದ. “ಅಕ್ಕಾರ, ನಾ ಎಲ್ಲಿ ತಪ್ಪಿದೆ? ಅಷ್ಟು ಹೇಳಿ ಹೋಗ್ರಿ.” ಆ ದನಿಯಲ್ಲಿ ಕಪಟಕ್ಕಿಂತ ಕಲಿಯುವ ಆಸೆಯೇ ಹೆಚ್ಚಿತ್ತು.

ಹೇಳಲು ಮಲ್ಲೇಶಿ ಬಾಯಿ ತೆರೆದ. ಶಾಂತವ್ವ ಅಂಗೈಯಿಂದ ಅದನ್ನು ಮುಚ್ಚಿದಳು.

“ಸುಮ್ನ ಬರ್ರಿ. ಇವಂಗ ಹೇಳಿದ್ರ ನಾಳೆ ಹುಟ್ಟೋ ಅಂಗಡಿಗೂ ಇದು ಗೊತ್ತಾಕ್ಕೈತಿ.”

ನಕಲಿಯವನು ಮತ್ತೆ ಮತ್ತೆ ಕರೆದ. ಅವಳು ತಿರುಗಿ ನೋಡಲಿಲ್ಲ.